ರಿಟರ್ನ್ ಸಲ್ಲಿಸಲು ಇನ್ನಷ್ಟು ಸಮಯ ಬೇಕು: ಅರ್ಜಿ ಎಲ್ಲಿ ಕೊಡಬೇಕು?

ಪ್ರಶ್ನೆ: ನಾವು ಮೂಡಿಗೆರೆ ತಾಲ್ಲೂಕಿನ ಹಳ್ಳಿಯೊಂದರವರು. ನಮ್ಮ ಯಜಮಾನರಿಗೆ 67 ವರ್ಷ, ಬ್ಯಾಂಕಿನಿಂದ ನಿವೃತ್ತರಾದವರು. ಆಗಸ್ಟ್ ಎರಡನೇ ವಾರದಲ್ಲಿ ಅವರಿಗೆ ಎದೆನೋವು ಬಂದು ಮಂಗಳೂರಿನಲ್ಲಿ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಊರಿಗೆ ಮರಳುವಷ್ಟರಲ್ಲಿ ಅಕ್ಟೋಬರ್ ಬಂದಿತ್ತು. 2024-25ರ ಆದಾಯದ ರಿಟರ್ನ್ ಸಲ್ಲಿಸುವ ದಿನಾಂಕ ತಪ್ಪಿಹೋಗಿದೆ. ಅವರಿಗೆ ವರ್ಷಕ್ಕೆ 6,40,000 ರೂಪಾಯಿ ಪಿಂಚಣಿ, 2,10,000 ರೂಪಾಯಿ ಠೇವಣಿ ಬಡ್ಡಿ, ಖರ್ಚು ಕಳೆದು ತೋಟದಿಂದ ಸುಮಾರು 4,00,000 ರೂಪಾಯಿ ಬರುತ್ತದೆ. ಕಾಫಿ ಹಣ್ಣನ್ನು ಕಣದಲ್ಲಿ ಒಣಗಿಸಿ ಚೆರಿಯಾಗಿಯೇ, ಅಂದರೆ ಸಿಪ್ಪೆಯ ಸಮೇತವೇ, ಮಾರುತ್ತೇವೆ. ಅಮೆರಿಕದಲ್ಲಿರುವ ಮಗ, ಅಲ್ಲಿ ಒಂದು ಫಾರಂ ಕೊಟ್ಟರೆ ಆರು ತಿಂಗಳು ಸಮಯ ಸಿಗುತ್ತದೆ, ಇಲ್ಲಿಯೂ ಕೇಳಿ ಎನ್ನುತ್ತಾನೆ. ಪಕ್ಕದ ತೋಟದ ಹಿರಿಯರು, ಚಿಕ್ಕಮಗಳೂರಿನ ಕಚೇರಿಗೆ ಅರ್ಜಿ ಕೊಟ್ಟರೆ ಸಾಕು, ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವು ಎನ್ನುತ್ತಾರೆ. ಇನ್ನೊಬ್ಬರು ಡಿಸೆಂಬರ್ 10ರವರೆಗೆ ದಿನಾಂಕ ಮುಂದೆ ಹೋಗಿದೆ ಎಂದರು. ಆಸ್ಪತ್ರೆಯ ಕಾಗದ ತೋರಿಸಿದರೆ ದಂಡ ಬಿಡುತ್ತಾರೆಯೇ? ಇದರ ಜೊತೆಗೆ, 2022-23ರಲ್ಲಿ ನನ್ನ ಹೆಸರಿನ ಠೇವಣಿಗೆ ಬಂದ 3,14,000 ರೂಪಾಯಿ ಬಡ್ಡಿಯಲ್ಲಿ ಬ್ಯಾಂಕಿನವರು 31,400 ರೂಪಾಯಿ ಹಿಡಿದಿದ್ದರು. ನನಗೆ ಆಗ 61 ವರ್ಷ, ಬೇರೆ ಆದಾಯವಿರಲಿಲ್ಲ. ಅತ್ತೆಯವರು ಹಾಸಿಗೆ ಹಿಡಿದಿದ್ದ ಕಾರಣ ಆ ವರ್ಷ ನಾನು ರಿಟರ್ನ್ ಹಾಕಲಿಲ್ಲ. ಆ ಹಣ ಹೋದಂತೆಯೇ?

ಉತ್ತರ: ನಿಮ್ಮ ಪತ್ರ ನನ್ನ ಕೈಸೇರಿದ್ದು ನವೆಂಬರ್ ಎರಡನೇ ವಾರದಲ್ಲಿ, ಆದ್ದರಿಂದ 2025ರ ಡಿಸೆಂಬರ್ 31ಕ್ಕೆ ಇನ್ನೂ ಆರು ವಾರಗಳಿಗಿಂತ ಹೆಚ್ಚು ಸಮಯವಿದೆ ಎಂಬ ಲೆಕ್ಕದಲ್ಲಿ ಉತ್ತರಿಸುತ್ತಿದ್ದೇನೆ. ಮೊದಲು ಮುಖ್ಯ ವಿಷಯವನ್ನು ಹೇಳಿಬಿಡುತ್ತೇನೆ. ಯಜಮಾನರ ಈ ವರ್ಷದ ರಿಟರ್ನ್‌ಗಾಗಿ ನೀವು ಯಾರಿಗೂ, ಎಲ್ಲಿಯೂ ಸಮಯ ಕೇಳಿ ಅರ್ಜಿ ಕೊಡಬೇಕಾಗಿಲ್ಲ, ಏಕೆಂದರೆ ಅಂತಹ ಅರ್ಜಿಯನ್ನು ಸ್ವೀಕರಿಸಿ ಸಮಯ ಕೊಡುವ ಅಧಿಕಾರ ಇಂದು ಯಾವ ತೆರಿಗೆ ಅಧಿಕಾರಿಗೂ ಇಲ್ಲ. ಆದರೆ ಡಿಸೆಂಬರ್ 31ರೊಳಗೆ ರಿಟರ್ನ್ ಸಲ್ಲಿಸುವ ಹಕ್ಕು ಕಾನೂನಿನಲ್ಲಿಯೇ ನಿಮಗೆ ಇದೆ. ನಿಮ್ಮ ಹಳೆಯ 31,400 ರೂಪಾಯಿಯ ವಿಷಯದಲ್ಲಿ ಮಾತ್ರ ಅರ್ಜಿ ಬೇಕು, ಅದಕ್ಕೆ ದಾರಿಯೂ ಇದೆ, ಕಾಲವೂ ಮೀರಿಲ್ಲ. ಈ ಎರಡನ್ನೂ ಒಂದಕ್ಕೊಂದು ಬೆರೆಸದೆ ನೋಡಬೇಕು.

ನಿಮಗೆ ಸಲಹೆ ಕೊಟ್ಟ ಮೂವರೂ ಸುಳ್ಳು ಹೇಳಿಲ್ಲ. ಅವರು ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ, ಅಷ್ಟೆ. ಪಕ್ಕದ ತೋಟದ ಹಿರಿಯರ ಮಾತು ಅವರ ಕಾಲಕ್ಕೆ ಸರಿಯಾದದ್ದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಆಗ ಫಾರಂ 6 ಎಂಬ ನಮೂನೆಯಿತ್ತು. ಕಾರಣ ಬರೆದು ಅದನ್ನು ಆದಾಯ ತೆರಿಗೆ ಅಧಿಕಾರಿಗೆ ಕೊಟ್ಟರೆ, ಕಾರಣ ಒಪ್ಪಿಗೆಯಾದಲ್ಲಿ ಅವರು ದಿನಾಂಕವನ್ನು ಮುಂದೆ ಹಾಕುತ್ತಿದ್ದರು. ಆ ಅವಧಿಗೆ ಬಡ್ಡಿ ಬೀಳುತ್ತಿತ್ತು. 1987ರ ತಿದ್ದುಪಡಿ ಕಾಯ್ದೆಯ ಮೂಲಕ, 1989ರ ಏಪ್ರಿಲ್ 1ರಿಂದ ಆ ವ್ಯವಸ್ಥೆಯನ್ನು ತೆಗೆದುಹಾಕಲಾಯಿತು. ಅಂದರೆ ಒಬ್ಬೊಬ್ಬರ ಕಾರಣವನ್ನು ತೂಗಿ ನೋಡುವ ಕೆಲಸವನ್ನು ಅಧಿಕಾರಿಯ ಕೈಯಿಂದ ತೆಗೆದು, ತಡವಾದರೆ ಇಷ್ಟು ಬಡ್ಡಿ, ಇಷ್ಟು ಶುಲ್ಕ ಎಂದು ಎಲ್ಲರಿಗೂ ಒಂದೇ ದರ ಕಟ್ಟಿದರು. ಆದುದರಿಂದ ಇಂದು ನೀವು ಆಸ್ಪತ್ರೆಯ ಕಾಗದಗಳ ಸಮೇತ ಚಿಕ್ಕಮಗಳೂರಿನ ಕಚೇರಿಗೆ ಹೋದರೂ ಅಲ್ಲಿನವರು ಸೌಜನ್ಯದಿಂದ ಕೇಳಿಸಿಕೊಂಡಾರೇ ಹೊರತು ಒಂದು ದಿನದ ಸಮಯವನ್ನೂ ಕೊಡಲಾರರು. ಶಸ್ತ್ರಚಿಕಿತ್ಸೆಯಾಗಿ ಮಲಗಿದವರಿಗೂ, ಕಾಗದಗಳನ್ನು ಮುಂದಿಟ್ಟುಕೊಂಡೂ ಸುಮ್ಮನೆ ಕುಳಿತವರಿಗೂ ಒಂದೇ ಶುಲ್ಕ ವಿಧಿಸುವ ಈ ಕ್ರಮ ನ್ಯಾಯವಲ್ಲವೆಂದೇ ನಾನು ನಂಬಿದ್ದೇನೆ. ಆದರೆ ನನ್ನ ನಂಬಿಕೆಯಿಂದ ನಿಮ್ಮ ದಿನಾಂಕ ಮುಂದೆ ಹೋಗುವುದಿಲ್ಲ, ಆದ್ದರಿಂದ ಇರುವ ದಾರಿಯನ್ನೇ ಹೇಳುತ್ತೇನೆ.

ನಿಮ್ಮ ಮಗ ಹೇಳಿದ್ದೂ ನಿಜ. ಅಮೆರಿಕದಲ್ಲಿ ಫಾರಂ 4868 ಸಲ್ಲಿಸಿದರೆ ಕಾರಣ ಕೇಳದೆಯೇ ಏಪ್ರಿಲ್ 15ರ ಗಡುವು ಅಕ್ಟೋಬರ್ 15ಕ್ಕೆ ಹೋಗುತ್ತದೆ. ಆದರೆ ಅಲ್ಲಿಯೂ ಸಮಯ ಸಿಗುವುದು ರಿಟರ್ನ್ ಸಲ್ಲಿಸುವುದಕ್ಕೆ ಮಾತ್ರ. ತೆರಿಗೆಯ ಹಣವನ್ನು ಏಪ್ರಿಲ್‌ನಲ್ಲಿಯೇ ಕಟ್ಟಬೇಕು, ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ. ಹಣ ಕಟ್ಟುವುದು ಒಂದು ಕೆಲಸ, ಕಾಗದ ಸಲ್ಲಿಸುವುದು ಇನ್ನೊಂದು ಕೆಲಸ ಎಂಬ ಈ ಭೇದ ನಮ್ಮಲ್ಲಿಯೂ ಮುಖ್ಯವಾದದ್ದೇ. ಮುಂದೆ ಬಡ್ಡಿಯ ಲೆಕ್ಕ ಹೇಳುವಾಗ ಅದಕ್ಕೆ ಮರಳುತ್ತೇನೆ.

ಮೂರನೆಯವರ ಮಾತಿನ ವಿಷಯದಲ್ಲಿ ನೀವು ತುಂಬ ಎಚ್ಚರದಿಂದಿರಬೇಕು, ಏಕೆಂದರೆ ಪ್ರತಿ ವರ್ಷ ಅರ್ಧಂಬರ್ಧ ಸುದ್ದಿಯನ್ನು ನಂಬಿ ಹಣ ಕಳೆದುಕೊಳ್ಳುವವರನ್ನು ನಾನು ನೋಡುತ್ತಲೇ ಇದ್ದೇನೆ. ದಿನಾಂಕವನ್ನು ಮುಂದೂಡುವ ಅಧಿಕಾರವಿರುವುದು ದೆಹಲಿಯ ಕೇಂದ್ರೀಯ ನೇರ ತೆರಿಗೆ ಮಂಡಳಿಗೆ, ಅದೂ ಇಡೀ ವರ್ಗಕ್ಕೆ ಒಟ್ಟಾಗಿ. ಈ ವರ್ಷ ಲೆಕ್ಕಪರಿಶೋಧನೆ ಬೇಕಿಲ್ಲದವರ ಗಡುವನ್ನು ಮಂಡಳಿ ಜುಲೈ 31ರಿಂದ ಸೆಪ್ಟೆಂಬರ್ 15ಕ್ಕೆ, ಅಲ್ಲಿಂದ ಮತ್ತೊಂದು ದಿನ, ಅಂದರೆ ಸೆಪ್ಟೆಂಬರ್ 16ಕ್ಕೆ ಹಾಕಿತು. ನಿಮ್ಮ ಯಜಮಾನರಿಗೆ ಅನ್ವಯವಾದದ್ದು ಆ ಗಡುವು, ಅದು ಮುಗಿದಿದೆ. ಡಿಸೆಂಬರ್ 10 ಎಂಬುದು ಲೆಕ್ಕಪರಿಶೋಧನೆಗೆ ಒಳಪಟ್ಟವರಿಗೆ, ಅವರಿಗಿದ್ದ ಅಕ್ಟೋಬರ್ 31ನ್ನು ಮುಂದೂಡಿ ಕೊಟ್ಟ ದಿನಾಂಕ. ನಮ್ಮ ಕಡೆ ಅಣ್ಣತಮ್ಮಂದಿರು ಸೇರಿ ತೋಟವನ್ನು ಪಾಲುದಾರಿಕೆ ಸಂಸ್ಥೆಯ ಹೆಸರಿನಲ್ಲಿ ನಡೆಸುವುದುಂಟು. ಆ ಸಂಸ್ಥೆಗೆ ಆಡಿಟ್ ಕಡ್ಡಾಯವಾಗಿದ್ದರೆ ಅದರ ಪಾಲುದಾರರಿಗೂ ಇದೇ ದಿನಾಂಕ ಅನ್ವಯಿಸುತ್ತದೆ. ನಿಮಗೆ ಹೇಳಿದವರು ಬಹುಶಃ ಅಂತಹ ಪಾಲುದಾರರಿರಬೇಕು. ನಿಮ್ಮ ಯಜಮಾನರ ತೋಟ ಸ್ವಂತ ಹೆಸರಿನಲ್ಲಿದ್ದು, ಬೇರೆ ವ್ಯಾಪಾರವಿಲ್ಲವೆಂದಾದರೆ ಅದು ಅವರದಲ್ಲ. 2018ರ ಪ್ರವಾಹದಲ್ಲಿ ಕೇರಳದವರಿಗೆ ಸೆಪ್ಟೆಂಬರ್ 15ರವರೆಗೆ, ಕೋವಿಡ್ ಬಂದಾಗ ದೇಶಕ್ಕೆಲ್ಲ ತಿಂಗಳುಗಟ್ಟಲೆ ಸಮಯ ಸಿಕ್ಕಿತ್ತೆಂಬುದು ನಿಜ. 2022, 2023, 2024ರಲ್ಲಿ ಜುಲೈ 31 ಒಂದು ದಿನವೂ ಅಲುಗಲಿಲ್ಲವೆಂಬುದೂ ಅಷ್ಟೇ ನಿಜ. ಮುಂದೂಡಿಕೆಯನ್ನು ನೆಚ್ಚಿ ಕೂರುವುದು ಬೇಡ.

ಈಗ ನಿಮ್ಮ ಯಜಮಾನರಿಗೆ ಉಳಿದಿರುವುದು 139ನೇ ಕಲಮಿನ 4ನೇ ಉಪಕಲಮಿನಂತೆ ಸಲ್ಲಿಸುವ ವಿಳಂಬ ರಿಟರ್ನ್. ಕರ ನಿರ್ಧರಣಾ ವರ್ಷ (ಆದಾಯ ಬಂದ ವರ್ಷದ ಮರುವರ್ಷ) 2025-26ಕ್ಕೆ ಅದರ ಕೊನೆಯ ದಿನ 2025ರ ಡಿಸೆಂಬರ್ 31. ಇದಕ್ಕೆ ಅನುಮತಿ ಬೇಡ, ಕಾರಣ ಬರೆಯುವುದು ಬೇಡ, ಆಸ್ಪತ್ರೆಯ ಕಾಗದ ಲಗತ್ತಿಸುವುದೂ ಬೇಡ. ಶುಲ್ಕ ಮಾತ್ರ ತಪ್ಪದು. 234ಎಫ್ ಕಲಮಿನಂತೆ ಒಟ್ಟು ಆದಾಯ 5 ಲಕ್ಷ ಮೀರಿದವರಿಗೆ 5,000 ರೂಪಾಯಿ, 5 ಲಕ್ಷದೊಳಗಿದ್ದವರಿಗೆ 1,000 ರೂಪಾಯಿ. ನಿಮ್ಮ ಯಜಮಾನರಿಗೆ 5,000 ಬೀಳುತ್ತದೆ. ಇದನ್ನು ಬಿಡಿಸಿಕೊಡುವಂತೆ ಕೇಳಿ ಓಡಾಡುವುದರಲ್ಲಿ ದಿನ ಕಳೆಯಬೇಡಿ. ಆ ಓಡಾಟದಲ್ಲಿ ಡಿಸೆಂಬರ್ ಮುಗಿದರೆ ಕಳೆದುಕೊಳ್ಳುವುದು 5,000ಕ್ಕಿಂತ ಬಹಳ ಹೆಚ್ಚು.

ಎಷ್ಟು ಹೆಚ್ಚು ಎಂಬುದನ್ನು ತಿಳಿಯಲು ತೆರಿಗೆಯ ಲೆಕ್ಕವನ್ನೇ ನೋಡಬೇಕು, ಅದರಲ್ಲಿಯೂ ತೋಟದ ಆದಾಯ ಎಲ್ಲಿ ಬಂದು ಕೂರುತ್ತದೆ ಎಂಬುದನ್ನು. ನೀವು ಒಣಗಿಸಿದ ಚೆರಿಯನ್ನು ಕ್ಯೂರಿಂಗ್ ಮಾಡಿಸದೆ, ಅಂದರೆ ಸಿಪ್ಪೆ ತೆಗೆಸಿ ಬೀಜ ಬೇರ್ಪಡಿಸದೆ, ಮಾರುವುದರಿಂದ ಆ 4,00,000 ಪೂರ್ತಿಯಾಗಿ ಕೃಷಿ ಆದಾಯ, ಅದಕ್ಕೆ ನೇರವಾಗಿ ಕೇಂದ್ರದ ತೆರಿಗೆಯಿಲ್ಲ. ಕ್ಯೂರಿಂಗ್ ಮಾಡಿಸಿ ಮಾರುವವರಿಗೆ ನಿಯಮ 7ಬಿ ಪ್ರಕಾರ ಆ ಆದಾಯದ ನೂರಕ್ಕೆ 25 ಭಾಗವನ್ನೂ, ಹುರಿದು ಪುಡಿ ಮಾಡಿ ಮಾರುವವರಿಗೆ ನೂರಕ್ಕೆ 40 ಭಾಗವನ್ನೂ ವ್ಯಾಪಾರದ ಆದಾಯವೆಂದು ಹಿಡಿಯುತ್ತಾರೆ. ಅದು ನಿಮಗೆ ಸಂಬಂಧಿಸಿದ್ದಲ್ಲ. ಆದರೆ ತೆರಿಗೆಯಿಲ್ಲದ ಕೃಷಿ ಆದಾಯವೂ ಉಳಿದ ಆದಾಯದ ತೆರಿಗೆ ದರವನ್ನು ಮೇಲಕ್ಕೆ ಒಯ್ಯುತ್ತದೆ. ಮಲೆನಾಡಿನ ಪಿಂಚಣಿದಾರರು ಸಾಮಾನ್ಯವಾಗಿ ತಪ್ಪುವುದು ಇಲ್ಲಿಯೇ. ಬ್ಯಾಂಕಿನವರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಾಗಿದೆ, ತೋಟಕ್ಕೆ ತೆರಿಗೆಯಿಲ್ಲ, ಇನ್ನೇನು ಬಾಕಿ ಎಂದು ನಿಶ್ಚಿಂತೆಯಿಂದಿರುತ್ತಾರೆ.

ದರವೂ ಕಡಿತಗಳೂ ಕಡಿಮೆಯಿರುವ ಹೊಸ ತೆರಿಗೆ ಪದ್ಧತಿಯಲ್ಲಿ ಪಿಂಚಣಿಗೆ ಸಿಗುವ 75,000 ರೂಪಾಯಿಯ ಪ್ರಮಾಣಿತ ಕಡಿತವನ್ನು ಕಳೆದರೆ ಯಜಮಾನರ ತೆರಿಗೆಗೊಳಪಡುವ ಆದಾಯ 7,75,000 ರೂಪಾಯಿ. ಇದಕ್ಕೆ ಕೃಷಿಯ 4,00,000 ಸೇರಿಸಿದರೆ 11,75,000. ಆ ಮೊತ್ತಕ್ಕೆ 2024-25ರ ದರದಲ್ಲಿ ತೆರಿಗೆ 76,250 ರೂಪಾಯಿ. ಕೃಷಿಯ 4,00,000ಕ್ಕೆ ತೆರಿಗೆಯಿಲ್ಲದ ಮೂಲ ಮಿತಿ 3,00,000 ಕೂಡಿಸಿದರೆ 7,00,000. ಅದರ ಮೇಲಿನ ತೆರಿಗೆ 20,000. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಉಳಿದ 56,250ಕ್ಕೆ ನೂರಕ್ಕೆ 4ರಂತೆ ಸೆಸ್ ಸೇರಿಸಿದರೆ 58,500 ರೂಪಾಯಿ. ತೋಟವೇ ಇಲ್ಲದಿದ್ದರೆ ಇದು 28,600 ಆಗುತ್ತಿತ್ತು. ಠೇವಣಿ ಬಡ್ಡಿಯಲ್ಲಿ ಬ್ಯಾಂಕಿನವರು ನೂರಕ್ಕೆ 10ರಂತೆ 21,000 ಹಿಡಿದಿದ್ದಾರೆ ಎಂದುಕೊಂಡರೆ, ಇನ್ನೂ ಕಟ್ಟಬೇಕಾದದ್ದು 37,500. ಇದು ನೀವು ಕೊಟ್ಟ ಅಂಕಿಗಳ ಮೇಲಿನ ಲೆಕ್ಕ. ಯಜಮಾನರ ಹೆಸರಿನಲ್ಲಿ ಹಿಡಿದ ಹಾಗೂ ಕಟ್ಟಿದ ತೆರಿಗೆಯನ್ನು ತೋರಿಸುವ 26ಎಎಸ್ ಹಾಳೆಯಲ್ಲಿಯೂ ವಾರ್ಷಿಕ ಮಾಹಿತಿ ವಿವರಣೆಯಲ್ಲಿಯೂ ಇರುವ ಅಂಕಿಗಳೊಡನೆ ತಾಳೆ ನೋಡಿಯೇ ಅಂತಿಮ ಮಾಡಬೇಕು.

ಈ 37,500ರ ಮೇಲೆ 234ಎ ಕಲಮಿನಂತೆ ತಿಂಗಳಿಗೆ ನೂರಕ್ಕೆ 1ರ ದರದಲ್ಲಿ, ಅಂದರೆ 375 ರೂಪಾಯಿ ಬಡ್ಡಿ, ಸೆಪ್ಟೆಂಬರ್ 17ರಿಂದ ರಿಟರ್ನ್ ಸಲ್ಲಿಸುವ ದಿನದವರೆಗೆ ನಡೆಯುತ್ತದೆ. ತಿಂಗಳಲ್ಲಿ ಒಂದು ದಿನ ಕಳೆದರೂ ಪೂರ್ಣ ತಿಂಗಳೆಂದೇ ಲೆಕ್ಕ. ಹಣ ಕಟ್ಟುವುದು ಬೇರೆ, ಕಾಗದ ಸಲ್ಲಿಸುವುದು ಬೇರೆ ಎಂದು ಮೊದಲು ಹೇಳಿದ್ದು ಇದಕ್ಕಾಗಿ. ಗಡುವಿನೊಳಗೆ ತೆರಿಗೆಯನ್ನು ಕಟ್ಟಿ ರಿಟರ್ನ್ ಮಾತ್ರ ತಡವಾಗಿದ್ದರೆ ಆ ಕಟ್ಟಿದ ಹಣದ ಮೇಲೆ ಈ ಬಡ್ಡಿ ಬೀಳುವುದಿಲ್ಲ. 2008ರಲ್ಲಿ ಪ್ರಣಯ್ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತು, 2015ರಲ್ಲಿ ಮಂಡಳಿಯೂ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿತು. ಆಸ್ಪತ್ರೆಯ ವರಾಂಡದಲ್ಲಿ ಕುಳಿತವರಿಗೆ ರಿಟರ್ನ್ ತುಂಬುವುದು ಸಾಧ್ಯವಾಗದಿರಬಹುದು, ಆದರೆ ಮನೆಯವರೊಬ್ಬರು ಅಂದಾಜಿನ ಮೊತ್ತವನ್ನು ಕಟ್ಟಿಬಿಟ್ಟಿದ್ದರೂ ಸಾಕಿತ್ತು. ನಿಮ್ಮ ಪಾಲಿಗೆ ಆ ಹೊತ್ತು ದಾಟಿದೆ. ಇನ್ನೊಂದು ಮನೆಯವರಿಗೆ ಉಪಯೋಗಕ್ಕೆ ಬರಲೆಂದು ಬರೆದೆ. ಸಮಾಧಾನದ ವಿಷಯವೂ ಒಂದಿದೆ: 60 ದಾಟಿದ, ವ್ಯಾಪಾರದ ಆದಾಯವಿಲ್ಲದ ನಿವಾಸಿಗಳು ಮುಂಗಡ ತೆರಿಗೆ ಕಟ್ಟಬೇಕಾಗಿಲ್ಲವಾದ್ದರಿಂದ 234ಬಿ ಮತ್ತು 234ಸಿ ಬಡ್ಡಿಗಳು ನಿಮ್ಮ ಯಜಮಾನರಿಗೆ ತಗಲುವುದಿಲ್ಲ. ಕ್ಯೂರಿಂಗ್ ಮಾಡಿಸಿ ಮಾರುವವರಾಗಿದ್ದರೆ ಈ ವಿನಾಯಿತಿ ಇರುತ್ತಿರಲಿಲ್ಲ.

ಡಿಸೆಂಬರ್ 31 ದಾಟಿದರೆ ಉಳಿಯುವುದು ಅಪ್‌ಡೇಟೆಡ್ ರಿಟರ್ನ್ ಎಂಬ ಇನ್ನೊಂದು ದಾರಿ. 2025ರ ಏಪ್ರಿಲ್‌ನಿಂದ ಅದರ ಅವಧಿಯನ್ನು ನಾಲ್ಕು ವರ್ಷಕ್ಕೆ ಹೆಚ್ಚಿಸಿದ್ದಾರೆ, ಹಾಗಾಗಿ ಸಮಯ ಬೇಕಾದಷ್ಟಿದೆ ಎಂದು ಕೆಲವರು ಹೇಳುವುದುಂಟು. ಆ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿ. ಅದರಲ್ಲಿ ತೆರಿಗೆ ಮತ್ತು ಬಡ್ಡಿ ಸೇರಿದ ಮೊತ್ತದ ಮೇಲೆ ಮೊದಲ ಹನ್ನೆರಡು ತಿಂಗಳಲ್ಲಿ ನೂರಕ್ಕೆ 25, ಆಮೇಲೆ ವರ್ಷ ಕಳೆದಂತೆ 50, 60, 70ರಂತೆ ಹೆಚ್ಚುವರಿ ತೆರಿಗೆ ಕೊಡಬೇಕು. ನಿಮ್ಮ 37,500ಕ್ಕೆ ಅದು ಕನಿಷ್ಠವೆಂದರೂ 9,375 ರೂಪಾಯಿ, ಬಡ್ಡಿಯ ಪಾಲು ಸೇರಿದರೆ ಇನ್ನೂ ಮೇಲೆ. 5,000ದ ಶುಲ್ಕವೂ ತಪ್ಪುವುದಿಲ್ಲ.

ವಿಳಂಬ ರಿಟರ್ನ್‌ನಲ್ಲಿ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಳ್ಳಲು ಬರುವುದಿಲ್ಲ, ಏಕೆಂದರೆ ಆ ಆಯ್ಕೆಯನ್ನು ಗಡುವಿನೊಳಗೇ ಮಾಡಿರಬೇಕು. 80ಸಿ (ಉಳಿತಾಯ, ವಿಮೆ ಇತ್ಯಾದಿ), 80ಟಿಟಿಬಿ (ಹಿರಿಯರ ಠೇವಣಿ ಬಡ್ಡಿ) ಮುಂತಾದ ಕಡಿತಗಳನ್ನು ನಂಬಿಕೊಂಡವರಿಗೆ ನಿಜವಾದ ಪೆಟ್ಟು ಬೀಳುವುದು ಇದರಿಂದ, 5,000ದ ಶುಲ್ಕದಿಂದಲ್ಲ. ನಿಮ್ಮ ಲೆಕ್ಕವನ್ನು ಹಳೆಯ ಪದ್ಧತಿಯಲ್ಲಿಯೂ ಹಾಕಿ ನೋಡಿದೆ: ಪ್ರಮಾಣಿತ ಕಡಿತದ 50,000, ಠೇವಣಿ ಬಡ್ಡಿಗೆ ಹಿರಿಯರಿಗಿರುವ 50,000, 80ಸಿಯ ಪೂರ್ಣ 1,50,000 ಕಳೆದರೂ ಸೆಸ್‌ಗೆ ಮೊದಲಿನ ತೆರಿಗೆ 60,000 ಬರುತ್ತದೆ, ಹೊಸ ಪದ್ಧತಿಯ 56,250ಕ್ಕಿಂತ ಹೆಚ್ಚು. ಆದ್ದರಿಂದ ಈ ಬಗ್ಗೆ ನೀವು ಕೊರಗಬೇಕಾಗಿಲ್ಲ. ಷೇರು ವ್ಯವಹಾರದ ನಷ್ಟವನ್ನು ಮುಂದಿನ ವರ್ಷಕ್ಕೆ ಒಯ್ಯುವ ಹಕ್ಕೂ ತಡವಾದರೆ ಹೋಗುತ್ತದೆ; ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣುವುದಿಲ್ಲ.

ಕೆಲಸಕ್ಕೆ ಕೂರುವಾಗ ಕೃಷಿ ಆದಾಯ 5,000 ಮೀರಿರುವುದರಿಂದ ಐಟಿಆರ್ 1 ಎಂಬ ಸರಳ ರಿಟರ್ನ್ ನಮೂನೆ ನಡೆಯುವುದಿಲ್ಲ, ಐಟಿಆರ್ 2ನ್ನೇ ತುಂಬಬೇಕು. ತೆರಿಗೆ ಕಟ್ಟುವ ಚಲನ್‌ನಲ್ಲಿ ಕರ ನಿರ್ಧರಣಾ ವರ್ಷವನ್ನು 2025-26 ಎಂದೂ, ಪಾವತಿಯ ಬಗೆಯನ್ನು 300, ಅಂದರೆ ಸ್ವಯಂ ನಿರ್ಧರಣಾ ತೆರಿಗೆ ಎಂದೂ ಆರಿಸಬೇಕು. ಆದಾಯ ಬಂದ ವರ್ಷ 2024-25 ಎಂದುಕೊಂಡು ಅದನ್ನೇ ಒತ್ತಿ, ಕಟ್ಟಿದ ಹಣ ಬೇರೆ ವರ್ಷದ ಖಾತೆಗೆ ಹೋಗಿ, ಇತ್ತ ಬಾಕಿಯ ನೋಟಿಸ್ ಬಂದ ಮೇಲೆ ನನ್ನಲ್ಲಿಗೆ ಬಂದವರು ಒಬ್ಬಿಬ್ಬರಲ್ಲ. ಹಣ ಕಟ್ಟಿದ ದಿನವೇ ರಿಟರ್ನ್ ಸಲ್ಲಿಸಿಬಿಡಿ.

ಇದಕ್ಕಿಂತ ಸೂಕ್ಷ್ಮವಾದದ್ದು ದೃಢೀಕರಣ. ರಿಟರ್ನ್ ಅಪ್‌ಲೋಡ್ ಮಾಡಿದರೆ ಅರ್ಧ ಕೆಲಸವಷ್ಟೇ ಆದಂತೆ. 30 ದಿನಗಳೊಳಗೆ ದೃಢೀಕರಿಸಬೇಕು, ಆ ಅವಧಿ ಮೀರಿದರೆ ದೃಢೀಕರಿಸಿದ ದಿನವೇ ಸಲ್ಲಿಕೆಯ ದಿನವಾಗುತ್ತದೆ. ಡಿಸೆಂಬರ್ 20ಕ್ಕೆ ಅಪ್‌ಲೋಡ್ ಮಾಡಿ ಜನವರಿ 25ಕ್ಕೆ ದೃಢೀಕರಿಸಿದವರು ಡಿಸೆಂಬರ್ 31ನ್ನು ತಪ್ಪಿಸಿಕೊಂಡಂತೆಯೇ. ನಿಮ್ಮ ಕಡೆಯ ಮನೆಗಳ ಪರಿಸ್ಥಿತಿ ನನಗೆ ಗೊತ್ತು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರಬೇಕು. ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ, ಕಂಪ್ಯೂಟರ್ ಇರುವುದು ಒಳಕೋಣೆಯಲ್ಲಿ. ಒಬ್ಬರು ಹೊರಗೆ ನಿಂತು ಆರು ಅಂಕಿಗಳನ್ನು ಕೂಗಿ ಹೇಳಿ, ಒಳಗಿದ್ದವರು ಬೆರಳಚ್ಚಿಸುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಎರಡು ಮೂರು ಸಲ ಹಾಗಾದರೆ ನಾಳೆ ನೋಡೋಣ ಎಂದು ಎದ್ದುಬಿಡುತ್ತಾರೆ, ಆ ನಾಳೆ ಬರುವುದೇ ಇಲ್ಲ. ಯಜಮಾನರನ್ನು ತಪಾಸಣೆಗೆ ಕರೆದೊಯ್ಯುವ ದಿನ, ಸಿಗ್ನಲ್ ಚೆನ್ನಾಗಿರುವ ಪೇಟೆಯಲ್ಲಿ ಕುಳಿತು ಸಲ್ಲಿಕೆ ಮತ್ತು ದೃಢೀಕರಣ ಎರಡನ್ನೂ ಒಟ್ಟಿಗೆ ಮುಗಿಸಿ. ಅದು ಆಗದಿದ್ದರೆ ಸಲ್ಲಿಕೆಯ ನಂತರ ಸಿಗುವ ಐಟಿಆರ್ ವಿ ಎಂಬ ಸ್ವೀಕೃತಿ ಹಾಳೆಗೆ ಸಹಿ ಹಾಕಿಸಿ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಬಹುದು. ಅರೇಬಿಕಾ ಹಣ್ಣು ಕೊಯ್ಲು ಬಿರುಸಾಗಿ, ಆಳುಗಳ ಲೆಕ್ಕ, ಕಣದ ಕಾವಲು ಎಂದು ನೀವು ಉಸಿರಾಡಲು ಪುರುಸೊತ್ತಿಲ್ಲದಂತಾಗುವ ಮೊದಲೇ, ನವೆಂಬರ್‌ನಲ್ಲಿಯೇ ಇದನ್ನು ಮಾಡಿ ಎಂಬುದು ನನ್ನ ವಿನಂತಿ.

ಇನ್ನು ನಿಮ್ಮ 31,400 ರೂಪಾಯಿ. ಆ ವರ್ಷಕ್ಕೆ, ಅಂದರೆ ಕರ ನಿರ್ಧರಣಾ ವರ್ಷ 2023-24ಕ್ಕೆ, ವಿಳಂಬ ರಿಟರ್ನ್‌ನ ಗಡುವು 2023ರ ಡಿಸೆಂಬರ್ 31ಕ್ಕೇ ಮುಗಿದಿದೆ. ಅಪ್‌ಡೇಟೆಡ್ ರಿಟರ್ನ್‌ನಲ್ಲಿ ಮರುಪಾವತಿ ಕೇಳಲು ಕಾನೂನು ಬಿಡುವುದಿಲ್ಲ. ಆದರೆ ಹಣ ನಿಮ್ಮದೇ. ನಿಮ್ಮ ಆದಾಯ 5 ಲಕ್ಷದೊಳಗಿದ್ದುದರಿಂದ 87ಎ ರಿಯಾಯಿತಿಯ ನಂತರ ನೀವು ಕಟ್ಟಬೇಕಾದ ತೆರಿಗೆ ಸೊನ್ನೆ, ಹಿಡಿದದ್ದು ಪೂರ್ತಿ ಹೆಚ್ಚುವರಿ. ಇಂತಹವರಿಗಾಗಿಯೇ 119ನೇ ಕಲಮಿನ 2ಬಿ ಉಪಕಲಮಿನಲ್ಲಿ ವಿಳಂಬ ಮನ್ನಾ ಎಂಬ ಅವಕಾಶವನ್ನು ಉಳಿಸಿದ್ದಾರೆ. 2024ರ ಅಕ್ಟೋಬರ್ 1ರ 11ನೇ ಸುತ್ತೋಲೆಯಂತೆ, 1 ಕೋಟಿ ರೂಪಾಯಿವರೆಗಿನ ಮರುಪಾವತಿಯ ಕೋರಿಕೆಯನ್ನು ನಿಮ್ಮ ವ್ಯಾಪ್ತಿಯ ಪ್ರಧಾನ ಆಯುಕ್ತರು ಅಥವಾ ಆಯುಕ್ತರು ತೀರ್ಮಾನಿಸುತ್ತಾರೆ. ಕರ ನಿರ್ಧರಣಾ ವರ್ಷ ಮುಗಿದ ಐದು ವರ್ಷಗಳೊಳಗೆ ಅರ್ಜಿ ಹಾಕಬೇಕು, ಸಾಧ್ಯವಾದಷ್ಟು ಆರು ತಿಂಗಳಲ್ಲಿ ತೀರ್ಮಾನವಾಗಬೇಕು. ನಿಮ್ಮ ಲೆಕ್ಕದಲ್ಲಿ ಆ ಐದು ವರ್ಷ 2029ರ ಮಾರ್ಚ್ 31ರವರೆಗೆ ಬರುತ್ತದೆ. ಮನ್ನಾ ಸಿಕ್ಕರೂ ಆ ಹಣಕ್ಕೆ ಬಡ್ಡಿ ಸಿಗುವುದಿಲ್ಲ. ಅರ್ಜಿಯನ್ನು ಇ-ಫೈಲಿಂಗ್ ಜಾಲತಾಣದ ಸೇವೆಗಳ ವಿಭಾಗದಲ್ಲಿ, ವಿಳಂಬ ಮನ್ನಾ ಕೋರಿಕೆ ಎಂಬಲ್ಲಿ ಸಲ್ಲಿಸಬಹುದು. ಒಪ್ಪಿಗೆಯ ಆದೇಶ ಬಂದ ಮೇಲೆ ಅದರ ಸಂಖ್ಯೆ, ದಿನಾಂಕ ನಮೂದಿಸಿ ಆ ವರ್ಷದ ರಿಟರ್ನ್ ಹಾಕಬೇಕು.

ಅರ್ಜಿ ನಿಲ್ಲುವುದೂ ಬೀಳುವುದೂ ಕಾರಣದ ಬರವಣಿಗೆಯ ಮೇಲೆ. ಕಾನೂನು ಕೇಳುವುದು ನಿಜವಾದ ಕಷ್ಟವನ್ನು. ಆ ಪದವನ್ನು ಉದಾರವಾಗಿ ಅರ್ಥೈಸಬೇಕೆಂದು 2008ರ ಬಿ.ಎಂ. ಮಲಾನಿ ಪ್ರಕರಣದಿಂದೀಚೆಗೆ ವಾದಿಸಲು ಆಧಾರವಿದೆ. ಸಕಲೇಶಪುರದ ಕಡೆಯ ಬೆಳೆಗಾರರೊಬ್ಬರು ಮೊದಲ ಸಲ ತಾವೇ ಬರೆದು ಕಳುಹಿಸಿದ್ದ ಅರ್ಜಿಯನ್ನು ನಾನು ನೋಡಿದ್ದೇನೆ: ‘ಮನೆಯಲ್ಲಿ ಅನಾರೋಗ್ಯದ ನಿಮಿತ್ತ ಸಾಧ್ಯವಾಗಲಿಲ್ಲ, ದಯವಿಟ್ಟು ಮನ್ನಿಸಬೇಕು’ ಎಂಬ ಒಂದೇ ಸಾಲು. ವಿವರ ಕೇಳಿ ಕಚೇರಿಯಿಂದ ಪತ್ರ ಬಂತು. ಅವರ ಪ್ಲಾಸ್ಟಿಕ್ ಕವರಿನಲ್ಲಿ ಬಿಡುಗಡೆಯ ಸಾರಾಂಶ, ರಕ್ತಪರೀಕ್ಷೆಯ ವರದಿಗಳು, ಔಷಧಿ ಅಂಗಡಿಯ ಬಿಲ್ಲುಗಳು ಎಲ್ಲವೂ ಇದ್ದವು, ಅರ್ಜಿಯಲ್ಲಿ ಮಾತ್ರ ಒಂದೂ ಇರಲಿಲ್ಲ. ನೀವು ಹಾಗೆ ಮಾಡಬೇಡಿ. ಅತ್ತೆಯವರು ಯಾವ ದಿನಾಂಕದಿಂದ ಹಾಸಿಗೆ ಹಿಡಿದರು, ಯಾವಾಗ ಆಸ್ಪತ್ರೆಯಲ್ಲಿದ್ದರು, ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರಿದ್ದರು ಎಂಬುದನ್ನು ತಿಂಗಳು ತಿಂಗಳಾಗಿ ಬರೆಯಿರಿ. 2023ರ ಜುಲೈ 31ರಿಂದ ಡಿಸೆಂಬರ್ 31ರವರೆಗಿನ ಅವಧಿಯನ್ನಲ್ಲದೆ, ಆನಂತರ ಇಂದಿನವರೆಗೆ ಏಕೆ ಅರ್ಜಿ ಹಾಕಲಿಲ್ಲ ಎಂಬುದನ್ನೂ ವಿವರಿಸಬೇಕು. ಬಹಳ ಮಂದಿ ಮರೆಯುವುದು ಈ ಎರಡನೆಯ ಭಾಗವನ್ನೇ. ಇಂತಹ ಅವಕಾಶವಿದೆಯೆಂದು ತಿಳಿದಿರಲಿಲ್ಲ, ಯಜಮಾನರ ಕಾಯಿಲೆಯೂ ಬಂತು ಎಂಬುದು ಸತ್ಯವಾದ್ದರಿಂದ ಅದನ್ನೇ ಬರೆಯಿರಿ, ಇಲ್ಲದ್ದನ್ನು ಸೇರಿಸಬೇಡಿ. ವೈದ್ಯರ ಕಾಗದಗಳ ಪ್ರತಿ, ತೆರಿಗೆ ಹಿಡಿದದ್ದಕ್ಕೆ ಬ್ಯಾಂಕ್ ಕೊಡುವ 16ಎ ಪ್ರಮಾಣಪತ್ರ, ಆ ವರ್ಷದ 26ಎಎಸ್, ಬ್ಯಾಂಕ್ ಪಾಸ್‌ಬುಕ್ಕಿನ ಪುಟ, ಆದಾಯದ ಲೆಕ್ಕದ ಒಂದು ಹಾಳೆ ಜೊತೆಗಿರಲಿ. ಆ ಆದಾಯ ಬೇರೆ ಯಾರ ಕೈಯಲ್ಲಿಯೂ ತೆರಿಗೆಗೆ ಒಳಪಡುವಂಥದ್ದಲ್ಲ ಎಂಬುದನ್ನು ಅಧಿಕಾರಿ ನೋಡುತ್ತಾರೆ. ಠೇವಣಿಯ ಹಣ ತವರಿನಿಂದ ಬಂದದ್ದೋ, ನಿಮ್ಮ ಉಳಿತಾಯವೋ, ಅದನ್ನೂ ಒಂದು ಸಾಲಿನಲ್ಲಿ ಹೇಳಿ. ಯಜಮಾನರು ಕೊಟ್ಟ ಹಣವನ್ನೇ ಠೇವಣಿ ಇಟ್ಟದ್ದಾದರೆ ಅದರ ಬಡ್ಡಿ ಅವರ ಆದಾಯಕ್ಕೆ ಸೇರುತ್ತದೆ, ಆಗ ಲೆಕ್ಕವೇ ಬದಲಾಗುತ್ತದೆ. ಆದ್ದರಿಂದ ಅರ್ಜಿಗೆ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಹಾಗಿದ್ದ ಪಕ್ಷದಲ್ಲಿ ಯಜಮಾನರ ಈ ವರ್ಷದ ರಿಟರ್ನ್‌ನಲ್ಲಿಯೂ ಆ ಬಡ್ಡಿಯನ್ನು ಸೇರಿಸಬೇಕಾಗುತ್ತದೆ.

ಇದೇ ಮನ್ನಾ ದಾರಿಯಲ್ಲಿ ಯಜಮಾನರ 5,000 ರೂಪಾಯಿ ಶುಲ್ಕವನ್ನೂ ಬಿಡಿಸಬಹುದೇ ಎಂದು ನೀವು ಯೋಚಿಸಬಹುದು. ಆ ಸುತ್ತೋಲೆ ಅಧಿಕಾರ ಕೊಟ್ಟಿರುವುದು ಮರುಪಾವತಿ ಮತ್ತು ನಷ್ಟವನ್ನು ಮುಂದೊಯ್ಯುವ ಕೋರಿಕೆಗಳಿಗೆ. ಯಜಮಾನರು ತೆರಿಗೆ ಕಟ್ಟಬೇಕಾದವರು, ಅವರಿಗೆ ಅದು ಹೊಂದುವುದಿಲ್ಲ.

ಮುಂದಿನ ವರ್ಷಕ್ಕೆ ಸಂಬಂಧಿಸಿದ ಎರಡು ಕೆಲಸಗಳನ್ನು ಈಗಲೇ ಮಾಡಿಡಿ. ಜುಲೈ 31 ಎಂಬ ದಿನ ನಮ್ಮ ಮಲೆನಾಡಿಗೆ ಮಳೆ ಸುರಿಯುವ, ಮರ ಬಿದ್ದು ಕರೆಂಟ್ ಹೋಗುವ ಕಾಲದಲ್ಲಿಯೇ ಬರುತ್ತದೆ, ಚೇತರಿಸಿಕೊಳ್ಳುತ್ತಿರುವ ಯಜಮಾನರನ್ನು ಆಗ ಕಂಪ್ಯೂಟರ್ ಮುಂದೆ ಕೂರಿಸುವುದು ಬೇಡ. 140ನೇ ಕಲಮಿನಲ್ಲಿ, ಸ್ವತಃ ಸಹಿ ಮಾಡಲಾಗದವರ ಪರವಾಗಿ ಅಧಿಕಾರಪತ್ರ ಪಡೆದವರು ರಿಟರ್ನ್ ದೃಢೀಕರಿಸಲು ಅವಕಾಶವಿದೆ. ಅವರ ಆರೋಗ್ಯ ಸರಿಯಿರುವ ದಿನ ನಿಮ್ಮ ಹೆಸರಿಗೆ ಅಧಿಕಾರಪತ್ರ ಮಾಡಿಸಿಟ್ಟರೆ, ಅಗತ್ಯ ಬಿದ್ದಾಗ ಅದನ್ನು ಜಾಲತಾಣದಲ್ಲಿ ನೋಂದಾಯಿಸಿ ನೀವೇ ಕೆಲಸ ಮುಗಿಸಬಹುದು. ಆಗಸ್ಟ್‌ನಲ್ಲಿ ಇದು ಕೈಯಲ್ಲಿದ್ದಿದ್ದರೆ ಈ ಪತ್ರವನ್ನೇ ನೀವು ಬರೆಯಬೇಕಾಗುತ್ತಿರಲಿಲ್ಲ. ಎರಡನೆಯದು ಮಂಗಳೂರಿನ ಆಸ್ಪತ್ರೆಯ ಬಿಲ್ಲುಗಳು. ಆ ಖರ್ಚು ಸೇರುವುದು 2025-26ರ ಲೆಕ್ಕಕ್ಕೆ. ಯಜಮಾನರಿಗೆ ಆರೋಗ್ಯ ವಿಮೆಯಿಲ್ಲದಿದ್ದು, ಹಣವನ್ನು ನಗದಾಗಿ ಕೊಡದೆ ಬ್ಯಾಂಕ್ ಅಥವಾ ಕಾರ್ಡ್ ಮೂಲಕ ಕೊಟ್ಟಿದ್ದರೆ, ಹಳೆಯ ಪದ್ಧತಿಯಲ್ಲಿ 80ಡಿ ಅಡಿಯಲ್ಲಿ 50,000 ರೂಪಾಯಿವರೆಗೆ ಕಳೆಯಬಹುದು. ಅದು ಲಾಭವೋ ಅಲ್ಲವೋ ಎಂದು ಎರಡೂ ಪದ್ಧತಿಗಳಲ್ಲಿ ಲೆಕ್ಕ ಹಾಕಿ ನೋಡುವ ಸ್ವಾತಂತ್ರ್ಯ ನಿಮಗಿರುವುದು ಗಡುವಿನೊಳಗೆ ಸಲ್ಲಿಸಿದರೆ ಮಾತ್ರ.

ನಿಮ್ಮ ಠೇವಣಿಗೆ ಇನ್ನು ಮುಂದೆ ಟಿಡಿಎಸ್ ಹಿಡಿಯದಿರಲು ಪ್ರತಿ ಏಪ್ರಿಲ್‌ನಲ್ಲಿ, ಠೇವಣಿಯಿರುವ ಪ್ರತಿಯೊಂದು ಬ್ಯಾಂಕಿಗೂ ಬೇರೆ ಬೇರೆಯಾಗಿ, ತನಗೆ ತೆರಿಗೆ ಬೀಳುವುದಿಲ್ಲವೆಂದು ಹಿರಿಯರು ಬರೆದುಕೊಡುವ ಘೋಷಣೆಯ ಫಾರಂ (2025-26ರವರೆಗೆ ಅದು 15ಎಚ್) ಕೊಟ್ಟು ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಹಿರಿಯ ನಾಗರಿಕರ ಬಡ್ಡಿಗೆ ಟಿಡಿಎಸ್ ಹಿಡಿಯುವ ಮಿತಿ 2025ರ ಏಪ್ರಿಲ್‌ನಿಂದ 1,00,000 ರೂಪಾಯಿಗೆ ಏರಿದೆಯಾದರೂ ನಿಮ್ಮ ಬಡ್ಡಿ ಅದಕ್ಕಿಂತ ಹೆಚ್ಚಿರುವುದರಿಂದ ಈ ಫಾರಂ ನಿಮಗೆ ಬೇಕೇಬೇಕು.